ತಾಮ್ರ ಹೋಗಿ ತಾಮ್ರ ಬಂತು

ಭೌತಿಕ ಬದಲಾವಣೆಗೂ ರಾಸಾಯನಿಕ ಬದಲಾವಣೆಗೂ ಇರುವ ವ್ಯತ್ಯಾಸವೇನು? ಶಾಲೆಯ ಪರೀಕ್ಷೆಗಳಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತಿತ್ತು. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ‘ಹಿಂದಕ್ಕೆ ತರಬಹುದು’, ಬಲಕ್ಕೆ ‘ಹಿಂದಕ್ಕೆ ತರಲಾಗದು’ ಎಂದು ಬರೆದರೆ ಅಂಕ ಖಾತ್ರಿ. ಎಲ್ಲರೂ ಹಾಗೇ ಬರೆದೆವು, ಎಲ್ಲರಿಗೂ ಅಂಕ ಬಂತು. ಆ ಸಾಲು ನಿಲ್ಲುವಂಥದ್ದಲ್ಲ ಎಂದು ನನಗೆ ಮನವರಿಕೆ ಮಾಡಿಸಿದ್ದು ಪದವಿಯ ಮೊದಲ ವರ್ಷದ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಕೈಗೆ ಸಿಕ್ಕ, ಅರ್ಧ ಗ್ರಾಂ ತೂಗುವ ಒಂದು ತಾಮ್ರದ ತಂತಿ.

ಪ್ರಯೋಗಕ್ಕೆ ತಾಮ್ರದ ಚಕ್ರ ಎಂದು ಹೆಸರು. ವಿವರಿಸುವುದು ಸುಲಭ. ತಾಮ್ರವನ್ನು ತೂಗಬೇಕು, ಒಂದರ ಹಿಂದೊಂದರಂತೆ ಅದನ್ನು ನೈಟ್ರೇಟ್, ಹೈಡ್ರಾಕ್ಸೈಡ್, ಆಕ್ಸೈಡ್, ಸಲ್ಫೇಟ್ ಮಾಡಬೇಕು, ಕೊನೆಗೆ ತಾಮ್ರವನ್ನೇ ಹೊರತೆಗೆದು ಮತ್ತೆ ತೂಗಬೇಕು. ಇದಿಷ್ಟೇ ಆಗಿದ್ದರೆ ಒಂದು ಮಧ್ಯಾಹ್ನದ ಕೆಲಸ. ಆದರೆ ಲ್ಯಾಬಿನ ಮೇಡಂ ಒಂದು ಷರತ್ತು ಹಾಕಿದ್ದರು. ಪ್ರತಿ ಹಂತದಲ್ಲೂ ಕೈಯಲ್ಲಿರುವುದು ಧಾತುವೋ, ಸಂಯುಕ್ತವೋ, ಮಿಶ್ರಣವೋ. ಈಗ ನಡೆದದ್ದು ಯಾವ ಬಗೆಯ ಬದಲಾವಣೆ. ಅದು ಹೇಗೆ ಗೊತ್ತು — ಹೀಗೆ ಮೂರು ಕಾಲಂ ತುಂಬಬೇಕು. ಮೊದಲೆರಡನ್ನು ಪುಸ್ತಕ ನೋಡಿ ಮನೆಯಲ್ಲೇ ತುಂಬಿಕೊಂಡು ಬರಬಹುದಿತ್ತು. ಸಮಯವನ್ನೆಲ್ಲ ನುಂಗಿದ್ದು ಮೂರನೆಯ ಕಾಲಂ.

ತಂತಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಮೆರುಗೆಣ್ಣೆಯ ಲೇಪ ಇರುತ್ತದೆ. ಉಜ್ಜುಕಾಗದದಿಂದ ಅದನ್ನು ತೆಗೆದು, ಒರೆಸಿ, ತಕ್ಕಡಿಯ ಮೇಲಿಟ್ಟಾಗ 0.512 ಗ್ರಾಂ ತೋರಿಸಿತು. ಮೊದಲು ಗುಣಗಳ ಪಟ್ಟಿ. ಕೆಂಪು ಛಾಯೆಯ ಲೋಹ, ಹೊಳಪಿದೆ, ಬಾಗುತ್ತದೆ, ವಿದ್ಯುತ್ ಹರಿಯಗೊಡುತ್ತದೆ. ಇವೆಲ್ಲ ತಾಮ್ರವನ್ನು ಬೇರೊಂದು ವಸ್ತುವನ್ನಾಗಿ ಮಾಡದೆಯೇ ನೋಡಬಹುದಾದವು, ಆದ್ದರಿಂದ ಭೌತಿಕ ಗುಣಗಳು. ಸಾಂದ್ರತೆಗೆ ಬಂದಾಗ ಕೆಲಸ ನಿಂತಿತು. ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 8.96 ಗ್ರಾಂ, ಅಂದರೆ ನನ್ನ ತುಂಡು ಸರಿಸುವ ನೀರು 0.06 ಮಿಲಿಲೀಟರಿಗೂ ಕಡಿಮೆ. ಅಳತೆಯ ಜಾಡಿಯ ಅತಿ ಸಣ್ಣ ಗೆರೆಗಿಂತಲೂ ಅದು ಚಿಕ್ಕದು. ಕೊನೆಗೆ ತಂತಿಯ ಇಡೀ ಸುರುಳಿಯನ್ನೇ ತೂಗಿದೆವು: 53.6 ಗ್ರಾಂ. ನೀರಿಗೆ ಇಳಿಸಿದಾಗ ಮಟ್ಟ 6.0 ಮಿಲಿಲೀಟರ್ ಏರಿತು. ಭಾಗಿಸಿದರೆ 8.93. ತೂಕ, ಗಾತ್ರಗಳು ತುಂಡಿನಿಂದ ತುಂಡಿಗೆ ಬದಲಾಗುತ್ತವೆ. ಅವೆರಡರ ಅನುಪಾತ ಬದಲಾಗುವುದಿಲ್ಲ. ವಸ್ತುವನ್ನು ಗುರುತಿಸಲು ಎರಡನೆಯ ಬಗೆಯ ಗುಣವೇ ಬೇಕು. ಆದರೂ ಅದನ್ನು ಅಳೆಯಲು ಸಾಕಷ್ಟು ದೊಡ್ಡ ತುಂಡೇ ಬೇಕಾಯಿತು ಎನ್ನುವುದು ನನಗೆ ತಮಾಷೆ ಅನ್ನಿಸಿತ್ತು.

ಮೊದಲ ಸಾಲಿನಲ್ಲಿ ‘ಧಾತು’ ಎಂದು ಬರೆದೆ. ಹೇಗೆ ಗೊತ್ತು? ತಂತಿಯನ್ನು ನೋಡಿದರೆ ಅದು ಗೊತ್ತಾಗುವುದಿಲ್ಲ. ಹಿತ್ತಾಳೆಯೂ ಮೈತುಂಬ ಒಂದೇ ಬಣ್ಣದ, ಒಂದೇ ಹೊಳಪಿನ ಲೋಹ. ಅದು ತಾಮ್ರ ಮತ್ತು ಸತುವಿನ ಸಮಜಾತೀಯ ಮಿಶ್ರಣ, ಅಂದರೆ ಎಲ್ಲ ಕಡೆಯೂ ಒಂದೇ ತೆರನಾಗಿ ಬೆರೆತದ್ದು. 1789ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಲಾವಾಸಿಯೆ ಕೊಟ್ಟ ಉತ್ತರ ಇಲ್ಲಿ ನೆರವಿಗೆ ಬರುತ್ತದೆ: ವಿಶ್ಲೇಷಣೆ ಎಲ್ಲಿ ಕೊನೆಗೊಳ್ಳುತ್ತದೋ ಅಲ್ಲಿ ಸಿಗುವುದು ಮೂಲವಸ್ತು (ಧಾತು). ಅಂದರೆ, ಇದನ್ನು ಒಡೆದು ಇನ್ನೂ ಸರಳವಾದ ವಸ್ತುಗಳನ್ನು ಪಡೆಯಲು ಇದುವರೆಗೆ ಯಾರಿಗೂ ಆಗಿಲ್ಲ. ಎಷ್ಟು ಎಚ್ಚರಿಕೆಯ ಮಾತು! ಅವನ ಪಟ್ಟಿಯಲ್ಲಿ 33 ಹೆಸರುಗಳಿದ್ದವು. ತಾಮ್ರ, ಗಂಧಕ, ಆಮ್ಲಜನಕಗಳ ಜೊತೆಗೆ ಬೆಳಕು ಮತ್ತು ಶಾಖವೂ ಇದ್ದವು, ಸುಣ್ಣವೂ ಇತ್ತು. 1808ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ವಿದ್ಯುತ್ತಿನ ನೆರವಿನಿಂದ ಸುಣ್ಣದೊಳಗಿನ ಕ್ಯಾಲ್ಸಿಯಂ ಅನ್ನು ಬೇರ್ಪಡಿಸಿದ ಮೇಲೆ ಸುಣ್ಣ ಸಂಯುಕ್ತಗಳ ಸಾಲಿಗೆ ಹೋಯಿತು. ಸುಣ್ಣ ಬದಲಾಗಿರಲಿಲ್ಲ, ಅದನ್ನು ಒಡೆಯುವ ಸಾಧನ ಬಂದಿತ್ತು. ಮೂರನೆಯ ಕಾಲಮಿನಲ್ಲಿ ‘ಇದುವರೆಗೆ ಒಡೆದಿಲ್ಲ’ ಎಂದು ಬರೆದೆ. ಮೇಡಂ ಅದನ್ನು ಓದಿ, ಏನೂ ಹೇಳದೆ ಮುಂದೆ ಹೋದರು. ಅವರಲ್ಲಿ ಅದೇ ಒಪ್ಪಿಗೆ.

ಹೊಗೆಯನ್ನು ಹೊರಗೆಳೆಯುವ ಗಾಜಿನ ಗೂಡಾದ ಫ್ಯೂಮ್ ಹುಡ್ ಒಳಗೆ ಬೀಕರ್ ಇಟ್ಟು 4 ಮಿಲಿಲೀಟರ್ ಸಾಂದ್ರ ನೈಟ್ರಿಕ್ ಆಮ್ಲ ಸುರಿದಾಗ, ಓದಿದ ಯಾವ ಪುಟವೂ ನನ್ನನ್ನು ಆ ದೃಶ್ಯಕ್ಕೆ ಸಿದ್ಧಗೊಳಿಸಿರಲಿಲ್ಲ. ಕೆಲವು ಕ್ಷಣ ಏನೂ ಇಲ್ಲ. ಆಮೇಲೆ ತಂತಿಯ ಸುತ್ತ ಗುಳ್ಳೆಗಳು, ದ್ರವಕ್ಕೆ ಹಸಿರು, ಬೀಕರಿನ ಬಾಯಿಂದ ಕಂದುಗೆಂಪು ಹೊಗೆ. ಹೊಗೆ ಮೇಲೇರದೆ ಬೀಕರಿನ ಅಂಚು ದಾಟಿ ಕೆಳಗೆ ಇಳಿಯುತ್ತಿತ್ತು. ಅದು ನೈಟ್ರೋಜನ್ ಡೈಆಕ್ಸೈಡ್, ಗಾಳಿಗಿಂತ ಭಾರ, ಉಸಿರಿಗೆ ವಿಷ. ಹುಡ್‌ನ ಗಾಜನ್ನು ಅರ್ಧಕ್ಕಿಂತ ಮೇಲೆತ್ತಬಾರದು ಎಂದು ಅದಕ್ಕೇ ಅಷ್ಟು ಕಟ್ಟುನಿಟ್ಟು. ಬೀಕರಿನ ಹೊರಮೈ ಮುಟ್ಟಲಾರದಷ್ಟು ಬಿಸಿಯಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ತಂತಿಯೇ ಇಲ್ಲ.

ಆಮ್ಲಕ್ಕೆ ಲೋಹ ಹಾಕಿದರೆ ಹೈಡ್ರೋಜನ್ ಬರುತ್ತದೆ ಎಂದು ಓದಿದ್ದೆವಲ್ಲ, ಇಲ್ಲಿ ಅದು ಬರಲಿಲ್ಲ. ತಾಮ್ರಕ್ಕೆ ಆಮ್ಲದಿಂದ ಹೈಡ್ರೋಜನ್ನನ್ನು ಹೊರದಬ್ಬುವ ಶಕ್ತಿಯಿಲ್ಲ. ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದೇ ತಂತಿಯ ಇನ್ನೊಂದು ತುಂಡು ಸುಮ್ಮನೆ ಬಿದ್ದಿತ್ತು. ನೈಟ್ರಿಕ್ ಆಮ್ಲದಲ್ಲಿ ತಾಮ್ರದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುವುದು ನೈಟ್ರೇಟ್ ಭಾಗ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ ಎಂದರು ಮೇಡಂ. ಕೊನೆಯ ಹಂತದಲ್ಲಿ ಇದೇ ನಮ್ಮನ್ನು ಕಾಪಾಡುವುದಿತ್ತು.

ಪಕ್ಕದ ಮೇಜಿನ ಗೆಳೆಯ ಇದನ್ನು ‘ತಾಮ್ರ ಕರಗಿತು, ಭೌತಿಕ’ ಎಂದು ಬರೆದಿದ್ದ. ಅವನ ವಾದದಲ್ಲಿ ತಥ್ಯವಿತ್ತು. ಉಪ್ಪೂ ನೀರಿನಲ್ಲಿ ಹೀಗೇ ಮಾಯವಾಗುತ್ತದೆ, ಅದನ್ನು ಭೌತಿಕ ಅನ್ನುತ್ತೇವೆ.

“ಹಾಗಾದ್ರೆ ಉಪ್ಪನ್ನ ಹೇಗೆ ವಾಪಸ್ ತರ್ತೀಯ?” ಎಂದರು ಮೇಡಂ.

“ನೀರು ಆವಿ ಮಾಡ್ತೀನಿ ಮೇಡಂ.”

“ಇಲ್ಲೂ ಮಾಡು.”

ತೂಕದ ಲೆಕ್ಕಕ್ಕೆ ಸೇರದ ಬೇರೊಂದು ಬೀಕರ್ ಇದಕ್ಕೆಂದೇ ಇತ್ತು. ಅದರ ಕೆಲವು ಹನಿಗಳನ್ನು ಗಾಜಿನ ಬಿಲ್ಲೆಯ ಮೇಲೆ ಹಾಕಿ ಹಬೆಯ ಮೇಲಿಟ್ಟರೆ ಉಳಿದದ್ದು ಅಂಟಂಟಾದ ನೀಲಿ ಹರಳು. ತಾಮ್ರದ ಕೆಂಪು ಎಲ್ಲಿಯೂ ಇಲ್ಲ. ದ್ರಾವಕ ಹೋದ ಮೇಲೂ ಹಳೆಯ ವಸ್ತು ಮರಳಿ ಬಾರದಿದ್ದರೆ ಅದು ಬರೀ ಬೆರೆಯುವಿಕೆಯಲ್ಲ. ಮೂರನೆಯ ಕಾಲಮಿಗೆ ನನಗೆ ಸಿಕ್ಕ ಮೊದಲ ಗಟ್ಟಿ ಉತ್ತರ ಅದು. ಬಣ್ಣ, ಹೊಗೆ, ಬಿಸಿ ಎಲ್ಲವೂ ಸುಳಿವುಗಳು. ಹೊಸ ವಸ್ತು ಹುಟ್ಟಿದೆ ಎನ್ನುವುದಕ್ಕೆ ಪುರಾವೆ ಆ ನೀಲಿ ಹರಳು.

ಸುಳಿವುಗಳು ಎಷ್ಟು ಚಂಚಲ ಎನ್ನುವುದು ಮರುಕ್ಷಣವೇ ಗೊತ್ತಾಯಿತು. ಹೊಗೆ ನಿಂತ ಮೇಲೆ ಬೀಕರಿಗೆ 100 ಮಿಲಿಲೀಟರ್ ನೀರು ಸುರಿದೆ. ಕಡು ಹಸಿರು ತಿಳಿನೀಲಿಯಾಯಿತು. ಬಣ್ಣ ಬದಲಾಯಿತು, ಹಾಗಿದ್ದರೆ ರಾಸಾಯನಿಕವೇ? ನಾನು ಸೇರಿಸಿದ್ದು ಬರೀ ನೀರು. ಹಸಿರಿಗೆ ಕಾರಣ, ದ್ರವದಲ್ಲಿ ಉಳಿದಿದ್ದ ನೈಟ್ರೋಜನ್ ಆಕ್ಸೈಡುಗಳು ಮತ್ತು ತಾಮ್ರದ ಅಯಾನುಗಳ (ಎಲೆಕ್ಟ್ರಾನು ಕಳೆದುಕೊಂಡ ಕಣಗಳ) ಮೈಗೆ ಅಂಟಿಕೊಂಡಿದ್ದ ನೈಟ್ರೇಟ್. ನೀರು ಹೆಚ್ಚಾದಾಗ ಅವುಗಳ ಜಾಗವನ್ನು ನೀರಿನ ಅಣುಗಳು ಹಿಡಿದವು. ನೀಲಿ ಬಣ್ಣ ನೀರು ಸುತ್ತುವರಿದ ತಾಮ್ರದ ಅಯಾನಿನದು. ಇದನ್ನು ತೆಳುವಾಗಿಸುವುದು ಎಂದು ಕರೆದು ಭೌತಿಕದ ಕಡೆ ಹಾಕಬಹುದು, ಅಯಾನಿನ ನೆರೆಹೊರೆ ಬದಲಾಯಿತೆಂದು ರಾಸಾಯನಿಕದ ಕಡೆಗೂ ಹಾಕಬಹುದು. ನಾನು ಎರಡನ್ನೂ ಬರೆದು ಪ್ರಶ್ನಾರ್ಥಕ ಚಿಹ್ನೆ ಇಟ್ಟೆ. ಈಗಲೂ ಹಾಗೇ ಇಡುತ್ತೇನೆ.

ಬೀಕರಿನಲ್ಲಿ ಈಗ ಇರುವುದು ಸಮಜಾತೀಯ ಮಿಶ್ರಣ: ನೀರು, ತಾಮ್ರದ ನೈಟ್ರೇಟ್, ಮಿಕ್ಕ ಆಮ್ಲ. ಎಲ್ಲಿಂದ ಹನಿ ತೆಗೆದರೂ ಒಂದೇ. ಅದಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಗಾಜಿನ ಕಡ್ಡಿಯಿಂದ ಕಲಕಬೇಕು. ಮೊದಲ ಹನಿಗಳು ಬಿದ್ದಲ್ಲಿ ನೀಲಿ ಮೋಡ ಎದ್ದು ಕಲಕಿದ ಕೂಡಲೇ ಮಾಯವಾಗುತ್ತಿತ್ತು. ಸೋಡಿಯಂ ಹೈಡ್ರಾಕ್ಸೈಡ್ ಪ್ರತ್ಯಾಮ್ಲ, ಅದು ಮೊದಲು ಮಿಕ್ಕ ಆಮ್ಲದ ಬಾಕಿ ತೀರಿಸುತ್ತದೆ, ಆಮೇಲಷ್ಟೇ ತಾಮ್ರದ ಸರದಿ. ಬೀಕರ್ ಮತ್ತೆ ಬಿಸಿಯಾಯಿತು. ಒಂದು ಹಂತ ದಾಟಿದ ಮೇಲೆ ಮೋಡ ಕರಗದೆ ನಿಂತಿತು, ದಪ್ಪವಾಯಿತು, ಇಡೀ ಬೀಕರ್ ತಿಳಿನೀಲಿ ಲೋಳೆಯಾಯಿತು. ಕೆಂಪು ಲಿಟ್ಮಸ್ ನೀಲಿಗೆ ತಿರುಗುವವರೆಗೂ ಹಾಕಿ ನಿಲ್ಲಿಸಿದೆ. ಇದು ತಾಮ್ರದ ಹೈಡ್ರಾಕ್ಸೈಡ್, ನೀರಿನಲ್ಲಿ ಕರಗದ ಪ್ರಕ್ಷೇಪ. ಎರಡು ತಿಳಿ ದ್ರಾವಣಗಳು ಸೇರಿ ಘನವಸ್ತು ಕಾಣಿಸಿಕೊಂಡರೆ ಸಾಮಾನ್ಯವಾಗಿ ರಾಸಾಯನಿಕ ಎನ್ನಬಹುದು. ಆದರೆ ಬಿಸಿ ಸಂತೃಪ್ತ ದ್ರಾವಣ ತಣ್ಣಗಾದಾಗಲೂ ಘನವಸ್ತು ಹೊರಬೀಳುತ್ತದೆ, ಅಲ್ಲಿ ಹೊಸದೇನೂ ಹುಟ್ಟಿರುವುದಿಲ್ಲ.

ಈ ಲೋಳೆಯನ್ನು ಕಾಯಿಸುವುದು ಪ್ರಯೋಗದ ಅತ್ಯಂತ ನಾಜೂಕಾದ ಭಾಗ. ಕಲಕುವುದನ್ನು ಬಿಟ್ಟರೆ ತಳದಲ್ಲಿ ಹಬೆ ಕಟ್ಟಿಕೊಂಡು ಒಮ್ಮೆಲೇ ಎಗರುತ್ತದೆ. ಹಿಂದಿನ ಮೇಜಿನಲ್ಲಿ ಒಬ್ಬರ ಅರ್ಧ ತಾಮ್ರ ಹಾಗೆ ಮೇಜಿನ ಮೇಲೆ ಹೋಗಿತ್ತು. ಆದ್ದರಿಂದ ಸಣ್ಣ ಉರಿ, ನಿಲ್ಲದ ಕೈ. ನೀರು ಕುದಿಯುವ ಮೊದಲೇ ತಳದಿಂದ ಕಪ್ಪು ಎಳೆಗಳು ಏಳತೊಡಗಿದವು. ನೀಲಿಯೊಳಗೆ ಕಪ್ಪು ಹರಡಿ, ಕೆಲವು ನಿಮಿಷಗಳಲ್ಲಿ ಬೀಕರಿನ ತುಂಬ ಕಪ್ಪು ಪುಡಿ. ಹೈಡ್ರಾಕ್ಸೈಡ್ ನೀರನ್ನು ಕಳೆದುಕೊಂಡು ಆಕ್ಸೈಡ್ ಆಗಿತ್ತು. ನನಗೆ ವಿಚಿತ್ರವೆನಿಸಿದ್ದು, ಇದು ನಡೆಯುವುದು ನೀರಿನೊಳಗೇ. ಸುತ್ತ ನೀರಿದ್ದರೂ ವಸ್ತು ನೀರನ್ನು ಹೊರಹಾಕುತ್ತದೆ! ಒಣಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಹೈಡ್ರಾಕ್ಸೈಡಿನೊಳಗೆ ನೀರು ನೀರಾಗಿ ಇರುವುದಿಲ್ಲ. ಅಲ್ಲಿರುವುದು ಆಮ್ಲಜನಕ ಮತ್ತು ಹೈಡ್ರೋಜನ್ ಜೋಡಿಗಳು, ಅವು ಶಾಖದಿಂದ ಮರುಜೋಡಣೆಗೊಂಡು ನೀರಾಗಿ ಹೊರಬರುತ್ತವೆ.

ಇದೇ ಹೊತ್ತಿಗೆ ಬೀಕರಿನಲ್ಲಿ ಗುಳ್ಳೆಗಳೂ ಎದ್ದವು. ಗೆಳೆಯ ಪಟ್ಟಿಯಲ್ಲಿ ‘ಅನಿಲ ಬಿಡುಗಡೆ’ ಎಂದು ಬರೆಯಹೊರಟವನು ತಾನೇ ನಿಂತ. ಅದು ಕುದಿಯುವ ನೀರು. ಒಂದೇ ಬೀಕರಿನಲ್ಲಿ ಒಂದೇ ಉರಿಯಿಂದ ನೀರು ಆವಿಯಾಗುವ ಭೌತಿಕ ಬದಲಾವಣೆ, ಹೈಡ್ರಾಕ್ಸೈಡ್ ವಿಭಜನೆಯಾಗುವ ರಾಸಾಯನಿಕ ಬದಲಾವಣೆ ಜೊತೆಜೊತೆಗೇ ಸಾಗಿದ್ದವು. ಕಾಲಂ ಎರಡಾಗಿದ್ದರೂ ಬೀಕರ್ ಒಂದೇ ಅಲ್ಲವೆ.

ಉರಿ ಆರಿಸಿ ಕಪ್ಪು ಪುಡಿ ಕೆಳಗಿಳಿಯಲು ಬಿಟ್ಟೆವು. ಆಕ್ಸೈಡ್ ಭಾರವಾದ್ದರಿಂದ ಲೋಳೆಯಂತೆ ಸತಾಯಿಸದೆ ತಳ ಸೇರುತ್ತದೆ. ಆ ಬಿಡುವಿನಲ್ಲಿ ಮೇಡಂ ಎರಡು ಪ್ರನಾಳಗಳನ್ನು ತಂದರು. ಒಂದರಲ್ಲಿ ನೀಲಿ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ಹರಳು. ಕಾಯಿಸಿದಾಗ ಪ್ರನಾಳದ ಬಾಯಿಯ ಬಳಿ ನೀರಿನ ಹನಿಗಳು ಕಟ್ಟಿ, ಹರಳು ಬಿಳಿ ಪುಡಿಯಾಯಿತು. ಆ ಹರಳಿನ ತೂಕದಲ್ಲಿ ಶೇಕಡಾ 36ರಷ್ಟು ನೀರೇ. ತಣ್ಣಗಾದ ಮೇಲೆ ಬಿಳಿ ಪುಡಿಗೆ ಒಂದು ಹನಿ ನೀರು ಬಿಟ್ಟರು: ಮತ್ತೆ ನೀಲಿ, ಮತ್ತೆ ಬಿಸಿ. ಇನ್ನೊಂದು ಪ್ರನಾಳದಲ್ಲಿ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಕಾಯಿಸಿದರೆ ತಳದಿಂದ ಮಾಯವಾಗಿ ಮೇಲಿನ ತಣ್ಣನೆಯ ಗಾಜಿನ ಮೇಲೆ ಬಿಳಿಯಾಗಿ ಕೂರುತ್ತದೆ. ಇದನ್ನು ಉತ್ಪತನಕ್ಕೆ (ಘನವಸ್ತು ದ್ರವವಾಗದೆ ನೇರ ಆವಿಯಾಗುವುದಕ್ಕೆ) ಉದಾಹರಣೆ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೆವು. ಮೇಡಂ ಪ್ರನಾಳದ ಬಾಯಿಗೆ ಒದ್ದೆ ಕೆಂಪು ಲಿಟ್ಮಸ್ ಹಿಡಿದರು. ನೀಲಿಯಾಯಿತು. ಒಳಗೆ ಏಳುತ್ತಿದ್ದದ್ದು ನವಸಾಗರದ ಆವಿಯಲ್ಲ, ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಎಂಬ ಎರಡು ಅನಿಲಗಳು. ಹಗುರವಾದ ಅಮೋನಿಯಾ ಮೊದಲು ಓಡಿ ಬಂದು ಲಿಟ್ಮಸ್ಸಿಗೆ ತಾಗಿತ್ತು. ಮೇಲೆ ಅವೆರಡೂ ಕೂಡಿ ಮತ್ತೆ ನವಸಾಗರ. ಕಣ್ಣಿಗೆ ಭೌತಿಕವಾಗಿ ಕಂಡದ್ದು ಒಡೆದು ಕೂಡುವ ರಾಸಾಯನಿಕ ಕ್ರಿಯೆ, ಅದೂ ತಾನಾಗಿಯೇ ಹಿಂದಕ್ಕೆ ಬರುವಂಥದ್ದು.

“ಮೇಡಂ, ಹಾಗಾದ್ರೆ ಹಿಂದಕ್ಕೆ ತರಲಾಗದು ಅನ್ನೋದು?” ಎಂದು ಯಾರೋ ಕೇಳಿದರು.

“ಗಾಜು ಒಡೆದು ಪುಡಿ ಮಾಡಿದ್ರೆ ಭೌತಿಕನಾ ರಾಸಾಯನಿಕನಾ?”

“ಭೌತಿಕ.”

“ಹಿಂದಕ್ಕೆ ತಂದುಕೊಡ್ತೀರಾ?”

ನನ್ನ ಮಟ್ಟಿಗೆ ಆ ಸಾಲು ಅಲ್ಲಿಗೆ ಮುಗಿಯಿತು. ಭೌತಿಕ, ರಾಸಾಯನಿಕ ಎಂಬ ವಿಂಗಡಣೆಗೂ ಹಿಂದಕ್ಕೆ ಬರುವುದಕ್ಕೂ ಗಂಟು ಹಾಕುವುದೇ ತಪ್ಪು. ಒಂದು ವಸ್ತುವಿನ ಗುರುತು ಉಳಿಯಿತೇ ಎನ್ನುವುದು ಒಂದು ಪ್ರಶ್ನೆ, ಮರಳುವ ದಾರಿ ಇದೆಯೇ ಎನ್ನುವುದು ಬೇರೆಯೇ ಪ್ರಶ್ನೆ.

ಕಪ್ಪು ಪುಡಿಯ ಮೇಲಿನ ನೀರನ್ನು ನಿಧಾನವಾಗಿ ಬಸಿದೆ. ಆ ನೀರಿನಲ್ಲಿ ಸೋಡಿಯಂ ನೈಟ್ರೇಟ್ ಕರಗಿತ್ತು. ಬಿಸಿನೀರು ಹಾಕಿ, ಇಳಿಯಲು ಬಿಟ್ಟು, ಮತ್ತೆ ಬಸಿಯುವುದು. ಬಸಿದ ನೀರು ಲಿಟ್ಮಸ್ಸಿಗೆ ತಟಸ್ಥವಾಗುವವರೆಗೂ ಇದೇ ಕೆಲಸ. ಬೇಸರದ ಕೆಲಸ, ಆದರೆ ವಿಷಮಜಾತೀಯ ಮಿಶ್ರಣವನ್ನು ಬೇರ್ಪಡಿಸುವುದೆಂದರೆ ಇದೇ: ಒಂದು ಕರಗುತ್ತದೆ, ಇನ್ನೊಂದು ಕರಗುವುದಿಲ್ಲ, ಆ ವ್ಯತ್ಯಾಸದ ಲಾಭ ಪಡೆಯಬೇಕು. ಪ್ರತಿ ಸಲವೂ ಒಂದೆರಡು ಕಪ್ಪು ಕಣ ನೀರಿನ ಜೊತೆ ಹೊರಟುಹೋಗುವುದು ಕಣ್ಣಿಗೇ ಕಾಣುತ್ತಿತ್ತು.

ಎಲ್ಲವೂ ಉಳಿದಿದ್ದರೆ ಈ ಆಕ್ಸೈಡ್ 0.641 ಗ್ರಾಂ ತೂಗಬೇಕಿತ್ತು. ತಾಮ್ರದ ಕಪ್ಪು ಆಕ್ಸೈಡಿನ ತೂಕದಲ್ಲಿ ಶೇಕಡಾ 79.9 ತಾಮ್ರ, ಯಾರು, ಎಲ್ಲಿ, ಹೇಗೆ ಮಾಡಿದರೂ ಅಷ್ಟೇ. ಮಿಶ್ರಣಕ್ಕೂ ಸಂಯುಕ್ತಕ್ಕೂ ಇರುವ ನಿಜವಾದ ಗಡಿ ಇದು ಎಂದು ನನ್ನ ಅನಿಸಿಕೆ. ಹಿತ್ತಾಳೆಯಲ್ಲಿ ಸತುವನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಬಹುದು, ಅದು ಹಿತ್ತಾಳೆಯೇ. ಆಕ್ಸೈಡಿನ ಜೊತೆ ಆ ಚೌಕಾಸಿ ನಡೆಯುವುದಿಲ್ಲ. ಸಂಯೋಜನೆ ಹೀಗೆ ಸ್ಥಿರವಾಗಿರುತ್ತದೆ ಎಂದು 1799ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಪ್ರೂಸ್ಟ್ ವಾದಿಸಿದ್ದೂ ತಾಮ್ರವನ್ನೇ ಮುಂದಿಟ್ಟುಕೊಂಡು: ಭೂಮಿಯಿಂದ ತೆಗೆದ ತಾಮ್ರದ ಕಾರ್ಬೊನೇಟೂ ಪ್ರಯೋಗಾಲಯದಲ್ಲಿ ಮಾಡಿದ ಕಾರ್ಬೊನೇಟೂ ಒಂದೇ ಪ್ರಮಾಣ ತೋರಿಸಿದವು. ಅವನ ಕಾಲದ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಬರ್ತೊಲೆ ಒಪ್ಪಲಿಲ್ಲ, ವರ್ಷಗಟ್ಟಲೆ ವಾದ ನಡೆಯಿತು. ತಾಮ್ರಕ್ಕೆ ಇನ್ನೊಂದು ಆಕ್ಸೈಡೂ ಇದೆ, ಕೆಂಪಗಿನದು. ಒಂದು ಗ್ರಾಂ ತಾಮ್ರಕ್ಕೆ ಕಪ್ಪಿನಲ್ಲಿ 0.252 ಗ್ರಾಂ ಆಮ್ಲಜನಕ, ಕೆಂಪಿನಲ್ಲಿ 0.126. ಸರಿಯಾಗಿ ಅರ್ಧ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದಾಗ, ಬಿಡಿ ಬಿಡಿ ಕಣಗಳನ್ನು ಎಣಿಸಿ ಜೋಡಿಸಿದಂತೆ ಕಾಣುವುದು ಸಹಜ. ಡಾಲ್ಟನ್ನನ ಪರಮಾಣು ವಾದಕ್ಕೆ ಬಲ ಬಂದದ್ದು ಇಂಥ ಸರಳ ಅನುಪಾತಗಳಿಂದಲೇ.

ನಂತರದ ಹಂತ ಬೇಗ ಮುಗಿಯುತ್ತದೆ. ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿ ಕಲಕಿದರೆ ಕಪ್ಪು ಪುಡಿ ಹೋಗಿ ತಿಳಿಯಾದ ನೀಲಿ ದ್ರಾವಣ ಬರುತ್ತದೆ. ಒಂದು ಗುಳ್ಳೆಯೂ ಇಲ್ಲ, ಕಟುವಾಸನೆಯೂ ಇಲ್ಲ. ಆಮ್ಲವನ್ನು ತೆಳುವಾಗಿಸುವ ಕೆಲಸವನ್ನು ಮೇಡಂ ತಾವೇ ಮಾಡಿಟ್ಟಿದ್ದರು. ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು, ಆಮ್ಲಕ್ಕೆ ನೀರನ್ನಲ್ಲ, ಅಷ್ಟು ಶಾಖ ಬರುತ್ತದೆ. ಬಿಸಿಯಾದದ್ದೆಲ್ಲ ಹೊಸ ವಸ್ತುವಲ್ಲ ಎನ್ನಲು ಇದನ್ನು ಉದಾಹರಿಸೋಣವೆಂದರೆ ಅದೂ ಅಷ್ಟು ಸಲೀಸಲ್ಲ, ಆಮ್ಲದ ಅಣುಗಳು ನೀರಿನಲ್ಲಿ ಅಯಾನುಗಳಾಗಿ ಒಡೆಯುತ್ತವೆ.

ಇಲ್ಲಿ ಒಂದು ಪರೀಕ್ಷೆ ನನಗೆ ಬಹಳ ಹಿಡಿಸಿತು. ಮೊದಲ ಹಂತದ ನೈಟ್ರೇಟ್ ದ್ರಾವಣವನ್ನೂ ಈಗಿನ ಸಲ್ಫೇಟ್ ದ್ರಾವಣವನ್ನೂ ತೆಳುಮಾಡಿ ಅಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳಲಾಗುವುದಿಲ್ಲ. ಎರಡರಲ್ಲೂ ನೀಲಿಗೆ ಕಾರಣ ಅದೇ ಅಯಾನು. ಆದರೆ ಬೇರಿಯಂ ಕ್ಲೋರೈಡಿನ ಹನಿ ಬಿಟ್ಟಾಗ ಒಂದು ಹಾಗೇ ತಿಳಿಯಾಗಿ ಉಳಿಯಿತು, ಇನ್ನೊಂದರಲ್ಲಿ ಬಿಳಿ ಪ್ರಕ್ಷೇಪ ಬಿತ್ತು. ಬಿಳಿ ಬಂದದ್ದು ಸಲ್ಫೇಟ್. ರಾಸಾಯನಿಕ ಗುಣ ಎಂದರೆ ವಸ್ತುವನ್ನು ಬೇರೆಯದಾಗಿಸಲು ಹೋದಾಗಷ್ಟೇ ಕಾಣುವ ಗುಣ. ಆ ಹನಿಯನ್ನು ಹಾಳುಮಾಡದೆ ಅದರ ಗುರುತು ಹಿಡಿಯಲಾಗಲಿಲ್ಲ.

ಕೊನೆಯದು ಸತು. ಬರ್ನರುಗಳನ್ನೆಲ್ಲ ಆರಿಸಿ, ಹುಡ್ ಒಳಗೆ 2 ಗ್ರಾಂ ಸತುವಿನ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕಿದೆ. ಈಗ ಬಂದ ಗುಳ್ಳೆಗಳು ಹೈಡ್ರೋಜನ್, ಸತುವಿಗೆ ಆಮ್ಲದಿಂದ ಅದನ್ನು ಹೊರದಬ್ಬುವ ಶಕ್ತಿ ಉಂಟು. ಅದೇ ಸಮಯಕ್ಕೆ ಬೂದುಬಣ್ಣದ ಸತುವಿನ ಮೇಲೆ ಕೆಂಪು ಕಂದು ಪದರ ಕೂರುತ್ತಿತ್ತು, ನೀಲಿ ಮಸುಕಾಗುತ್ತಿತ್ತು. ಸತು ತನ್ನ ಎಲೆಕ್ಟ್ರಾನುಗಳನ್ನು ತಾಮ್ರದ ಅಯಾನಿಗೆ ಕೊಟ್ಟು ತಾನು ದ್ರಾವಣಕ್ಕೆ ಇಳಿಯುತ್ತದೆ, ತಾಮ್ರ ಲೋಹವಾಗಿ ಹೊರಬೀಳುತ್ತದೆ. ಸತುವಿನ ಬದಲು ಕಬ್ಬಿಣವಾದರೂ ನಡೆಯುತ್ತದೆ. ಗಣಿಯ ನೀಲಿ ನೀರಿಗೆ ಕಬ್ಬಿಣ ಹಾಕಿ ತಾಮ್ರ ಪಡೆಯುವ ವಿದ್ಯೆ ಚೀನಾದಲ್ಲಿ ಸಾಂಗ್ ರಾಜವಂಶದ ಕಾಲದಲ್ಲೇ (10ರಿಂದ 13ನೇ ಶತಮಾನ) ದೊಡ್ಡ ಪ್ರಮಾಣದಲ್ಲಿತ್ತು. ದ್ರಾವಣ ನೀರಿನಷ್ಟು ತಿಳಿಯಾದ ಮೇಲೆ ಕಣ್ಣನ್ನು ನಂಬದೆ ಒಂದು ಹನಿಯನ್ನು ಅಮೋನಿಯಾಕ್ಕೆ ಬಿಟ್ಟು ನೋಡಿದೆ. ತಾಮ್ರ ಉಳಿದಿದ್ದರೆ ಕಡುನೀಲಿ ಬರಬೇಕು. ಬರಲಿಲ್ಲ.

ತಳದಲ್ಲಿದ್ದ ತಾಮ್ರದ ಜೊತೆ ಮಿಕ್ಕ ಸತುವಿನ ಚೂರುಗಳಿದ್ದವು. ಎರಡೂ ಲೋಹ, ಎರಡೂ ಪುಡಿ, ಎರಡೂ ನೀರಿನಲ್ಲಿ ಕರಗವು. ಬಸಿಯುವುದು, ಸೋಸುವುದು ಯಾವುದೂ ಪ್ರಯೋಜನವಿಲ್ಲ. ಅಯಸ್ಕಾಂತಕ್ಕೆ ಎರಡೂ ಅಂಟುವುದಿಲ್ಲ. ಇಲ್ಲಿ ಮೊದಲ ಹಂತದ ಮಾತು ಕೆಲಸಕ್ಕೆ ಬಂತು. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಸತುವನ್ನು ತಿನ್ನುತ್ತದೆ, ತಾಮ್ರವನ್ನು ಮುಟ್ಟುವುದಿಲ್ಲ. ಗುಳ್ಳೆಗಳು ನಿಲ್ಲುವವರೆಗೂ ಕಾದು, ನೀರಿನಲ್ಲಿ ತೊಳೆದು, ಕೊನೆಗೆ ಸ್ಪಿರಿಟ್ಟಿನಲ್ಲಿ ತೊಳೆದೆ. ಸ್ಪಿರಿಟ್ ನೀರನ್ನು ಒಯ್ಯುತ್ತದೆ, ಬೇಗ ಆರುತ್ತದೆ. ನೇರ ಉರಿಯಲ್ಲಿ ಒಣಗಿಸುವಂತಿಲ್ಲ, ಅಷ್ಟು ಸಣ್ಣ ಪುಡಿ ಗಾಳಿಯ ಆಮ್ಲಜನಕ ಹಿಡಿದು ಮತ್ತೆ ಕಪ್ಪಾಗುತ್ತದೆ. ಪಿಂಗಾಣಿ ಬಟ್ಟಲಿನಲ್ಲಿ ಹಾಕಿ ಹಬೆಯ ಮೇಲೆ ಇಟ್ಟೆ.

ಸಿಕ್ಕಿದ್ದು ನಾನು ಹಾಕಿದ ತಂತಿಯ ಹಾಗಿರಲಿಲ್ಲ. ಇಟ್ಟಿಗೆ ಬಣ್ಣದ ಪುಡಿ, ಹೊಳಪಿಲ್ಲ. ವಿದ್ಯುತ್ ಪರೀಕ್ಷೆಯ ಎರಡು ತಂತಿಗಳನ್ನು ಅದರೊಳಗೆ ಚುಚ್ಚಿದರೆ ಬಲ್ಬು ಸರಿಯಾಗಿ ಹೊತ್ತಲಿಲ್ಲ. ಗುಣಗಳ ಪಟ್ಟಿಯನ್ನು ಮಾತ್ರ ನೋಡಿ ತೀರ್ಪು ಕೊಡುವುದಾದರೆ ಇದು ತಾಮ್ರವಲ್ಲ. ಚಮಚದ ಬೆನ್ನಿನಿಂದ ಒತ್ತಿ ಉಜ್ಜಿದಾಗ ಹೊಳೆಯುವ ತಾಮ್ರದ ಗೆರೆ ಮೂಡಿತು. ಹೊಳಪೂ ಬಾಗುವಿಕೆಯೂ ತಾಮ್ರದ ಗುಣಗಳೇ, ಆದರೆ ತುಂಡಿನ ಆಕಾರ, ಕಣಗಳ ಗಾತ್ರ ಅವನ್ನು ಮರೆಮಾಚಬಲ್ಲವು.

ತೂಗಿದಾಗ 0.531 ಗ್ರಾಂ. ಹಾಕಿದ್ದಕ್ಕಿಂತ ಹೆಚ್ಚು, ಶೇಕಡಾ 103.7! ತಾಮ್ರ ಹುಟ್ಟುವುದಿಲ್ಲ, ಆದ್ದರಿಂದ ಪುಡಿಯಲ್ಲಿ ತಾಮ್ರವಲ್ಲದ್ದು ಏನೋ ಇದೆ. ಮತ್ತೆ ಹಬೆಯ ಮೇಲಿಟ್ಟು, ಆರಿಸಿ, ತೂಗಿ, ಎರಡು ತೂಕಗಳ ನಡುವೆ ವ್ಯತ್ಯಾಸ ಇಲ್ಲವಾಗುವವರೆಗೂ ಮುಂದುವರಿಸಿದೆ. 0.497 ಗ್ರಾಂಗೆ ನಿಂತಿತು. ಶೇಕಡಾ 97.1. ಬಸಿದ ನೀರಿನೊಡನೆ ಹೋದ ಕಪ್ಪು ಕಣಗಳನ್ನು ನೆನೆದರೆ ನಂಬಬಹುದಾದ ಅಂಕಿ. ಆದರೆ ಈ ಅಂಕಿಯೂ ಪೂರ್ತಿ ಸಾಕ್ಷಿಯಲ್ಲ ಎಂದು ಮೇಡಂ ಪುಸ್ತಕದ ಅಂಚಿನಲ್ಲಿ ಬರೆದರು. ಸ್ವಲ್ಪ ತಾಮ್ರ ಕಳೆದುಹೋಗಿ ಅಷ್ಟೇ ಸತು ಉಳಿದಿದ್ದರೂ ತಕ್ಕಡಿ ಇದನ್ನೇ ತೋರಿಸುತ್ತಿತ್ತು. ಚಿಟಿಕೆ ಪುಡಿಗೆ ಹೊಸದಾಗಿ ಆಮ್ಲ ಹಾಕಿ, ಗುಳ್ಳೆ ಬರದದ್ದನ್ನು ಅವರಿಗೆ ತೋರಿಸಿದ ಮೇಲೆಯೇ ಸಹಿ ಬಿತ್ತು.

ಐದು ರಾಸಾಯನಿಕ ಬದಲಾವಣೆಗಳ ಕೊನೆಗೆ ತಾಮ್ರ ವಾಪಸ್ ಬಂದಿತ್ತು. ಬೇರೆ ಯಾವುದೂ ಬಂದಿರಲಿಲ್ಲ. ನೈಟ್ರಿಕ್ ಆಮ್ಲದ ಒಂದು ಪಾಲು ಕಂದು ಹೊಗೆಯಾಗಿ ಹೋಗಿತ್ತು, ಇನ್ನೊಂದು ಪಾಲು ಸೋಡಿಯಂ ಹೈಡ್ರಾಕ್ಸೈಡಿನೊಡನೆ ಸೇರಿ ನೀರೂ ಸೋಡಿಯಂ ನೈಟ್ರೇಟೂ ಆಗಿತ್ತು. ಸತು ಸಲ್ಫೇಟ್ ಮತ್ತು ಕ್ಲೋರೈಡ್ ಆಗಿ ದ್ರಾವಣದಲ್ಲಿತ್ತು. 0.512 ಗ್ರಾಂ ತಾಮ್ರವನ್ನು ಹೊರತೆಗೆಯಲು 0.527 ಗ್ರಾಂ ಸತು ಸಾಕಿತ್ತು, ಮಿಕ್ಕದ್ದೆಲ್ಲ ಆಮ್ಲದ ಪಾಲಾಯಿತು. ಆ ದ್ರಾವಣವನ್ನು ಸಿಂಕಿಗೆ ಸುರಿಯದೆ ಸತುವಿನ ಚೀಟಿ ಅಂಟಿಸಿದ್ದ ತ್ಯಾಜ್ಯದ ಕ್ಯಾನಿಗೆ ಹಾಕಿದೆವು. ಅದರಿಂದ ಸತುವನ್ನೂ ವಾಪಸ್ ತೆಗೆಯಬಹುದೇ ಎಂದು ಗೆಳೆಯ ಕೇಳಿದ. ತೆಗೆಯಬಹುದು, ವಿದ್ಯುತ್ ಹರಿಸಬೇಕು, ಅದು ಎರಡನೇ ಸೆಮಿಸ್ಟರಿಗೆ ಎಂದರು ಮೇಡಂ.